ಹತ್ತು ಸೆಕೆಂಡಿಗೊಮ್ಮೆ ಎಚ್ಚರ

"ಇದನ್ನ ಮಾಡಿದ್ದು ಯಾರು?!"

ಮೂರನೇ ಮಹಡಿಯ ಆ ಉದ್ದನೆಯ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ತಲೆ ಎತ್ತಿದರು. ಬಾಗಿಲಲ್ಲಿ ಒಬ್ಬ ಹುಡುಗಿ. ಮೆಟ್ಟಿಲು ಹತ್ತಿದ ಏದುಸಿರು, ಭುಜದಿಂದ ಜಾರಿದ ಬ್ಯಾಗು, ಕೆಂಡದಂಥ ಕಣ್ಣು. ಮುಷ್ಟಿಯೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಹಳದಿ ಟ್ಯಾಗ್.

ಬೆರಳುಗಳು ಒಂದೊಂದಾಗಿ ಕಿಟಕಿ ಪಕ್ಕದ ಮೇಜನ್ನು ತೋರಿಸಿದವು. ಸ್ನೇಹಿತರು ಅಂದರೆ ಹೀಗಿರಬೇಕು!

ಆದರೆ ಆ ಮೇಜಿನ ಹಿಂದೆ ಯಾರೂ ಇರಲಿಲ್ಲ.

"ಕೆಳಗಿದ್ದೀನಿ," ಎಂದಿತು ಒಂದು ದನಿ. "ಸ್ಕ್ರೂ ಬಿದ್ದಿದೆ... ದಯವಿಟ್ಟು ತುಳೀಬೇಡಿ."

ಅವಳು ತುಳಿಯಲಿಲ್ಲ. ಟ್ಯಾಗನ್ನು ಮಾತ್ರ ಮೇಜಿನ ಮೇಲೆ ಕುಕ್ಕಿದಳು. ಆ ಸದ್ದಿಗೆ ಕೆಳಗಿದ್ದವನು ಬೆಚ್ಚಿ ಮೇಜಿಗೆ ತಲೆ ಬಡಿಸಿಕೊಂಡ. ಆಮೇಲೆ ತಲೆ ಉಜ್ಜಿಕೊಳ್ಳುತ್ತಾ ಎದ್ದ. ತೆಳ್ಳಗೆ, ಎತ್ತರಕ್ಕೆ, ಕೂದಲ ತುಂಬಾ ಧೂಳು, ಮೂಗಿನ ತುದಿಗೆ ಬಂದ ಕನ್ನಡಕ.

'ಇವನಾ? ಇವನ ಕೈಯಲ್ಲಾ ನಮ್ಮಪ್ಪನ ಜೀವ ಇರೋದು?!'

"ನಮ್ಮಪ್ಪ ಸುರಂಗದಲ್ಲಿ ಮೇಸ್ತ್ರಿ," ಎಂದಳು. "ಊರಿಗೆ ನೀರಿನ ಪೈಪ್ ಹಾಕೋ ಸುರಂಗ. ಬೆಳಿಗ್ಗೆ ಆರಕ್ಕೆ ಇಳಿದ್ರೆ ಸಂಜೆ ಆರಕ್ಕೆ ಮೇಲೆ ಬರ್ತಾರೆ. ಕೆಳಗೆ ಯಾರು ಎಲ್ಲಿದ್ದಾರೆ ಅಂತ ಮೇಲಿನೋರಿಗೆ ಗೊತ್ತಾಗ್ಲಿ ಅಂತ ಹೆಲ್ಮೆಟ್ಟಿಗೆ ಈ ಟ್ಯಾಗ್ ಸಿಕ್ಕಿಸಿ ಕಳಿಸ್ತೀರಲ್ಲ... ಇದು ಎಷ್ಟು ಗಂಟೆಗೆ ಸಾಯುತ್ತೆ ಗೊತ್ತಾ ನಿಮಗೆ?"

"ಹನ್ನೆರಡೂವರೆಗೆ," ಎಂದ ಅವನು ಮೆಲ್ಲಗೆ.

"ಹನ್ನೆರಡು ಇಪ್ಪತ್ತಕ್ಕೆ! ಇಪ್ಪತ್ಮೂರು ದಿನದ್ದು ಬರೆದಿಟ್ಟಿದ್ದೀನಿ!"

ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಅವನ ಮುಂದೆ ಎಸೆದಳು. ಅವನು ಬೈಗುಳಕ್ಕೆ ಉತ್ತರ ಕೊಡುವುದು ಬಿಟ್ಟು ಪುಟ ತಿರುಗಿಸತೊಡಗಿದ. ದಿನಾಂಕ, ದೀಪ ಆರಿದ ಹೊತ್ತು, ಅಂದು ಸುರಂಗದಲ್ಲಿ ಎಷ್ಟು ಸೆಕೆ, ಜೊತೆಗೆ ಎಷ್ಟು ಜನ. ಅಪ್ಪ ಬಂದು ಹೇಳಿದ್ದನ್ನೆಲ್ಲ ಅವಳು ಗೆರೆ ಹೊಡೆದು ಬರೆದಿದ್ದಳು.

"ಜನ ಜಾಸ್ತಿ ಇದ್ದ ದಿನ ಬೇಗ ಸತ್ತಿದೆ!" ಅವನ ಕಣ್ಣು ಅರಳಿತು. "ಇದನ್ನೆಲ್ಲ ನೀವೇ ಬರೆದಿದ್ದಾ? ಇಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಬರೆಯಲ್ಲ."

ಜಗಳಕ್ಕೆ ಅಂತ ಬಂದವಳು ಜಾರಿದ ಬ್ಯಾಗನ್ನು ಭುಜಕ್ಕೆ ಏರಿಸಿಕೊಂಡಳು. ಅವಳ ಪಟ್ಟಿಗಳನ್ನು ಯಾರೂ ಹೀಗೆ ಕಥೆ ಪುಸ್ತಕದ ಹಾಗೆ ಓದಿರಲಿಲ್ಲ!

ಸದ್ದು ಕೇಳಿ ಮ್ಯಾನೇಜರ್ ಹೊರಗೆ ಬಂದರು. ನೋಟ್‌ಬುಕ್ ನೋಡಿದರು, ಅವಳನ್ನು ನೋಡಿದರು.

"ಎಲ್ಲಿ ಕೆಲಸ ಮಾಡ್ತಿದ್ದೀಯಮ್ಮ?"

"ಇಸ್ತ್ರಿಪೆಟ್ಟಿಗೆ ಕಾರ್ಖಾನೆ ಸರ್. ಟೆಸ್ಟಿಂಗು."

"ಇಲ್ಲಿಗೆ ಬಂದ್ಬಿಡು. ಇವನಿಗೆ ಬಯ್ಯೋದಕ್ಕೆ ಸಂಬಳ ಕೊಡ್ತೀವಿ."

* * *

ಆಫೀಸಿನಲ್ಲಿ ಅವನಿಗೆ ಇದ್ದ ಹೆಸರು ಜಿಪುಣ. ಯಾರಿಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಓಡಿ ಹೋಗಿ ಆರಿಸುವವನು. ಮಾತಿನಲ್ಲೂ ಅಷ್ಟೇ. "ಊಟ ಆಯ್ತಾ?" ಅಂದರೆ "ಹೂಂ." "ಏನು ಊಟ?" ಅಂದರೆ ಒಂದು ನಗು. ಬ್ಯಾಟರಿ ವಿಷಯ ಬಂದರೆ ಮಾತ್ರ ನಿಲ್ಲಿಸುವುದು ಕಷ್ಟ.

"ಟ್ಯಾಗ್ ಸುಮ್ನೆ ಕೂತಿರಲ್ಲ," ಎಂದು ಮೊದಲ ದಿನವೇ ಅವಳಿಗೆ ಹೇಳಿದ್ದ. "ಸುರಂಗದಲ್ಲಿ ಫೋನ್ ಸಿಗ್ನಲ್ ಇಲ್ವಲ್ಲ. ಹಾಗಾಗಿ ಹತ್ತಿರ ಇನ್ಯಾರ ಟ್ಯಾಗ್ ಇದೆ ಅಂತ ಹುಡುಕ್ತಾನೇ ಇರುತ್ತೆ. ಒಂದು ಇನ್ನೊಂದನ್ನ ಕಂಡು, ಅದು ಮತ್ತೊಂದಕ್ಕೆ ಹೇಳಿ... ಹಾಗೇ ಸುದ್ದಿ ಮೇಲಿನ ಪರದೆಗೆ ಬರುತ್ತೆ."

"ಸರಿ. ಅದಕ್ಕೆ ಸಾಯೋದ್ಯಾಕೆ?"

"ಕಿವಿ ತೆರೆದಿಟ್ಕೊಂಡು ಕೂರೋದಕ್ಕೆ! ರೇಡಿಯೋ ಮಾತಾಡುವಾಗ ಎಷ್ಟು ಬ್ಯಾಟರಿ ತಿನ್ನುತ್ತೋ, ಸುಮ್ನೆ ಕೇಳಿಸ್ಕೊಳ್ತಾ ಕೂತಾಗ್ಲೂ ಹೆಚ್ಚುಕಮ್ಮಿ ಅಷ್ಟೇ ತಿನ್ನುತ್ತೆ."

"ನಮ್ಮಪ್ಪನ ಥರ! ಅವ್ರೂ ನನ್ನ ಮಾತು ಕೇಳಿಸ್ಕೊಂಡೇ ಸುಸ್ತಾಗ್ತಾರೆ."

ಅವನು ಜೋರಾಗಿ ನಕ್ಕುಬಿಟ್ಟ. ಕೋಣೆಯವರೆಲ್ಲ ತಿರುಗಿ ನೋಡಿದರು. ಜಿಪುಣ ನಕ್ಕಿದ್ದಾನೆ!

ಅವನ ಉಪಾಯ ಇಷ್ಟು. ಟ್ಯಾಗನ್ನು ಮಲಗಿಸಿಬಿಡಬೇಕು. ಐದು ಸೆಕೆಂಡಿಗೆ ಒಂದು ಸಲ ಮಾತ್ರ ಅದು ಕಣ್ಣು ಬಿಡಬೇಕು, ರೆಪ್ಪೆ ಬಡಿಯುವಷ್ಟು ಹೊತ್ತು. 'ನಾನಿದ್ದೀನಿ, ಯಾರಿದ್ದೀರಿ?' ಎಂದು ಕೂಗಿ, ಉತ್ತರ ಕೇಳಿ, ಮತ್ತೆ ನಿದ್ದೆ.

ಅದನ್ನು ಪರೀಕ್ಷೆ ಮಾಡುವುದು ಅವಳ ಕೆಲಸ. ಆರು ಟ್ಯಾಗುಗಳ ಚಾರ್ಜಿಂಗ್ ಟ್ರೇ. ಚಾರ್ಜರಿನಿಂದ ಬಿಡಿಸಿದ ಕ್ಷಣದಿಂದ ಟ್ಯಾಗಿನ ಎಣಿಕೆ ಶುರು. ಅವಳು ಗಡಿಯಾರ ನೋಡುತ್ತಾ ನಿಂತು, ಹತ್ತು ಗಂಟೆ ಹೊಡೆದ ತಕ್ಷಣ ಟ್ರೇಯನ್ನು ಸರ್ರನೆ ಎಳೆಯುತ್ತಿದ್ದಳು. ಆರೂ ಒಂದೇ ಸಲ ಎಚ್ಚರ!

"ಎಲ್ಲಕ್ಕೂ ಒಂದೇ ಸೆಕೆಂಡಿಂದ ಶುರುವಾಗ್ಬೇಕು. ಇಲ್ದಿದ್ರೆ ಒಂದಕ್ಕೆ ಮೋಸ," ಎನ್ನುತ್ತಿದ್ದಳು ಹೆಮ್ಮೆಯಿಂದ. ಇಸ್ತ್ರಿಪೆಟ್ಟಿಗೆ ಕಾರ್ಖಾನೆಯಲ್ಲಿ ಕಲಿತ ಶಿಸ್ತು ಅದು.

ಆಮೇಲೆ ಇಬ್ಬರೂ ನಡೆಯಲು ಹೊರಡುತ್ತಿದ್ದರು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಅವಳು ಈ ತುದಿಗೆ, ಅವನು ಆ ತುದಿಗೆ.

"ಕಾಣಿಸ್ತಿದ್ದೀನಾ?" ಎಂದು ಅವಳು ಕೂಗುವುದು.

"ಕಾಣಿಸ್ತಿದ್ದೀರಿ!"

"ಈಗ?"

"ಈಗ್ಲೂ!"

"ಈ ಕಂಬದ ಹಿಂದೆ ಹೋದ್ರೆ?"

"ಟ್ಯಾಗ್ ಕಾಣಿಸ್ತಿದೆ... ನೀವು ಕಾಣಿಸ್ತಿಲ್ಲ." ಒಂದು ಕ್ಷಣ ಬಿಟ್ಟು, "ಈಚೆ ಬನ್ನಿ."

ಆ 'ಈಚೆ ಬನ್ನಿ'ಯಲ್ಲಿ ಏನಿತ್ತೋ... ಅವಳು ಕಂಬದ ಹಿಂದೆಯೇ ಅರ್ಧ ನಿಮಿಷ ನಿಂತು, ಮುಖ ಸರಿಮಾಡಿಕೊಂಡು ಈಚೆ ಬಂದಳು.

ಒಂದು ದಿನ ಅವನು ಅವಳ ಅಪ್ಪನ ಜೊತೆ ಸುರಂಗಕ್ಕೂ ಇಳಿದ. ತಲೆಯಿಂದ ಕಾಲಿನವರೆಗೆ ಕೆಸರು ಮೆತ್ತಿಕೊಂಡು ಮೇಲೆ ಬಂದವನನ್ನು ನೋಡಿ ಅವಳು ಹೊಟ್ಟೆ ಹಿಡಿದು ನಕ್ಕಳು. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಸುಮ್ಮನೆ ಹೇಳಿದರು:

"ಹುಡುಗ ಒಳ್ಳೇವನು ಕಣಮ್ಮ. ಕೆಳಗೆ ನನ್ನ ಹಿಂದೇನೇ ಬಂದ, ಒಂದ್ಸಲಾನೂ 'ಎಷ್ಟು ಹೊತ್ತಾಗುತ್ತೆ' ಅಂತ ಕೇಳ್ಲಿಲ್ಲ."

"ನನಗ್ಯಾಕಪ್ಪ ಹೇಳ್ತಿದ್ದೀರಿ?"

"ಗೋಡೆಗೆ ಹೇಳಿದೆ. ನೀನು ಯಾಕೆ ಕೆಂಪಗಾದೆ?"

ಅದಾಗಿ ಎರಡು ವಾರಕ್ಕೆ ಅವನು ಐದು ಸೆಕೆಂಡನ್ನು ಹತ್ತು ಮಾಡಿದ. ಅವಳು ಮತ್ತೆ ಪರೀಕ್ಷೆ ಮಾಡಿದಳು. ಒಟ್ಟು ನಲವತ್ತು ಪರೀಕ್ಷೆ, ನಲವತ್ತೂ ಪಾಸ್. ಟ್ಯಾಗುಗಳು ಸುರಂಗಕ್ಕೆ ಹೋದವು.

* * *

ಒಂಬತ್ತನೇ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನ್ ಬಂತು.

ಅಪ್ಪ ಎಂದಿನಂತೆ ಆರಕ್ಕೇ ಒಬ್ಬರೇ ಇಳಿದಿದ್ದರು. ಗಾಳಿ ಹೇಗಿದೆ, ನೀರು ನುಗ್ಗಿದೆಯಾ ಎಂದು ತಾವೇ ನೋಡದೆ ತಮ್ಮವರನ್ನು ಇಳಿಸುವ ಮನುಷ್ಯ ಅಲ್ಲ ಅವರು. ಉಳಿದ ಐವರು ಏಳಕ್ಕೆ ಇಳಿದರು. ಮೇಲಿನ ಪರದೆ ಹಚ್ಚುವುದೂ ಏಳಕ್ಕೇ. ಏಳೂವರೆ ಹೊತ್ತಿಗೆ ಒಂದು ಪಕ್ಕದ ಕವಲಿನಲ್ಲಿ ಮಣ್ಣು ಕುಸಿದು, ಅಪ್ಪನ ಕಾಲು ಪೈಪಿನ ಕೆಳಗೆ ಸಿಕ್ಕಿಕೊಂಡಿತು.

ಪರದೆಯ ಮೇಲೆ ಐದು ಹೆಸರು ಹಸಿರು. 'ಮೇಸ್ತ್ರಿ' ಮಾತ್ರ ಬೂದು. ಹಿಂದಿನ ದಿನಗಳಲ್ಲೂ ಹೀಗೇ ಬೂದಾಗಿದ್ದರಿಂದ, ಟ್ಯಾಗ್ ಎಲ್ಲೋ ಮರೆತಿರಬೇಕು ಎಂದುಕೊಂಡರು ಮೇಲಿನವರು. ಆ ಕವಲಿನ ಬಾಯಿಯ ಮುಂದೆಯೇ ಜನ ಎರಡು ಸಲ ಓಡಾಡಿದ್ದರು! ನೀರೆತ್ತುವ ಪಂಪಿನ ಗದ್ದಲದಲ್ಲಿ ಅಪ್ಪನ ಕೂಗು ಯಾರಿಗೂ ಕೇಳಲಿಲ್ಲ. ಅಷ್ಟು ಹತ್ತಿರ ಬಂದರೂ ಒಂದೇ ಒಂದು ಟ್ಯಾಗು ಅಪ್ಪನದನ್ನು ಕಾಣಲಿಲ್ಲ.

ಮೂರೂವರೆ ಗಂಟೆ... ಕತ್ತಲಲ್ಲಿ, ಒಬ್ಬರೇ... ಪಂಪು ನಿಂತು ಕೂಗು ಕೇಳಿಸುವವರೆಗೂ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವನು ಓಡಿ ಬಂದಾಗ ಅವಳು ಬೆಂಚಿನಿಂದ ಎದ್ದಳು.

"ಹೇಗಿದ್ದಾರೆ?"

"ಬದುಕಿದ್ದಾರೆ. ನಿಮ್ಮ ಟ್ಯಾಗಿನಿಂದ ಅಲ್ಲ."

"ನಾನು..."

"ಐದು ಸೆಕೆಂಡು ಚೆನ್ನಾಗೇ ಇತ್ತಲ್ಲ! ಯಾರು ಕೇಳಿದ್ರು ನಿಮ್ಮನ್ನ ಹತ್ತು ಮಾಡಿ ಅಂತ? ಹೊಗಳಿಸ್ಕೊಳ್ಳೋಕಾ? ಬ್ಯಾಟರಿ ಉಳಿಸಿದ್ರಲ್ಲ, ಖುಷಿನಾ ಈಗ? ನಿಮ್ಮ ಜಿಪುಣತನದಲ್ಲಿ ನಮ್ಮಪ್ಪನ್ನೇ ಮಲಗಿಸ್ಬಿಡ್ತಿದ್ರಿ!"

ಅವನ ತುಟಿ ಅಲುಗಿತು. ಏನೋ ಹೇಳಲು ಹೊರಟು, ಅವಳ ಮುಖ ನೋಡಿ ನುಂಗಿಕೊಂಡ.

"ತಪ್ಪು ನಂದು," ಎಂದ. ಅಷ್ಟೇ.

ಅವಳು ಬೆನ್ನು ತಿರುಗಿಸಿದಳು.

ಎರಡು ದಿನ ಬಿಟ್ಟು ಆಫೀಸಿಗೆ ಹೋದಾಗ ಕಿಟಕಿ ಪಕ್ಕದ ಮೇಜು ಖಾಲಿ. ಕೆಲಸ ಬಿಟ್ಟು ಹೋಗಿದ್ದ.

'ಹೋಗ್ಲಿ. ಒಳ್ಳೇದೇ ಆಯ್ತು...'

ಹಾಗೆ ಅಂದುಕೊಂಡವಳು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ, ಯಾರಿಗೂ ಕೇಳಿಸದಂತೆ ಅತ್ತಳು.

* * *

ಸುರಂಗದ ಜನ ಮತ್ತೆ ಹಳೆಯ ಟ್ಯಾಗಿಗೆ ಮರಳಿದರು, ಮಧ್ಯಾಹ್ನ ಸಾಯುವ ಆ ಟ್ಯಾಗಿಗೆ. ಹೊಸದರಲ್ಲಿ ಏನು ಕೆಟ್ಟಿದೆ ಹುಡುಕು ಎಂದು ಮ್ಯಾನೇಜರ್ ಆ ಆರನ್ನು ಅವಳ ಕೈಗೆ ಕೊಟ್ಟರು.

ನಲವತ್ತೊಂದನೇ ಪರೀಕ್ಷೆ. ಪಾಸ್!

ನಲವತ್ತೆರಡು. ಪಾಸ್!

ಅಪ್ಪನ ಟ್ಯಾಗು ಉಳಿದ ಐದನ್ನೂ ನೀಟಾಗಿ ಕಾಣುತ್ತಿತ್ತು. ಹಾಗಾದರೆ ಅವತ್ತು ಯಾಕೆ ಕಾಣಲಿಲ್ಲ? ಅವಳಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಎರಡು ತಿಂಗಳು ಹೀಗೇ ಕಳೆದ ಮೇಲೆ ಒಂದು ಶನಿವಾರ ಟ್ರೇಯನ್ನೂ ಪರೀಕ್ಷೆಯ ಪರದೆಯನ್ನೂ ಮನೆಗೇ ಹೊತ್ತುಕೊಂಡು ಬಂದಳು.

ಭಾನುವಾರ ಬೆಳಿಗ್ಗೆ ಅಪ್ಪ ಪ್ಲಾಸ್ಟರಿನ ಕಾಲನ್ನು ಕುರ್ಚಿಯ ಮೇಲೆ ಚಾಚಿ ಕೂತಿದ್ದರು. ಮೇಜಿನ ಮೇಲೆ ಟ್ರೇ ಕಂಡದ್ದೇ ತಡ, ತಮ್ಮ ಟ್ಯಾಗನ್ನು ಕಿತ್ತು ಅಂಗಿಗೆ ಸಿಕ್ಕಿಸಿಕೊಂಡರು.

"ಡ್ಯೂಟಿಗೆ ಹೊರಟೆ ಕಣಮ್ಮ!"

"ಮೊದ್ಲು ಟಾಯ್ಲೆಟ್ಟಿಗೆ ಒಬ್ರೇ ಹೋಗೋದು ಕಲೀರಿ, ಆಮೇಲೆ ಡ್ಯೂಟಿ," ಎಂದು ನಗುತ್ತಾ ಅವಳು ಅಡುಗೆಮನೆಗೆ ಹೋದಳು. ಅರ್ಧ ಗಂಟೆ ಬಿಟ್ಟು ಬಂದು, ಟ್ರೇ ಎಳೆದು, ಪರದೆ ನೋಡಿದಳು.

ಐದು ಹಸಿರು. 'ಮೇಸ್ತ್ರಿ' ಬೂದು.

ಅವಳ ಕೈ ಅಲ್ಲೇ ನಿಂತಿತು. ಅಪ್ಪ ಆರಡಿ ದೂರದಲ್ಲಿ ಕೂತು ಪೇಪರ್ ಓದುತ್ತಿದ್ದಾರೆ! ಒಂದು ನಿಮಿಷ. ಐದು ನಿಮಿಷ. ಅರ್ಧ ಗಂಟೆ. ಬೂದು... ಬೂದು...

"ಅಪ್ಪಾ... ಸೈಟಿನಲ್ಲೂ ನೀವು ಹೀಗೇ ತಗೊಳ್ತಿದ್ರಾ? ನಿಮ್ಮದೊಂದನ್ನೇ, ಮೊದಲೇ?"

"ಮತ್ತೆ? ನಾನು ಆರಕ್ಕೆ ಇಳಿಯೋನು. ಉಳಿದದ್ದನ್ನ ಏಳಕ್ಕೆ ಟ್ರೇ ಎಳೆದು ಹಂಚ್ತಾರೆ. ಯಾಕಮ್ಮ, ಮುಖ ಬಿಳಚಿಕೊಂಡಿದೆ?"

ಈಗ ಅವಳಿಗೆ ಬೆಳಕಿನಷ್ಟು ನಿಚ್ಚಳವಾಗಿ ಕಂಡಿತು. ಆರೂ ಟ್ಯಾಗು ಹತ್ತು ಸೆಕೆಂಡಿಗೊಮ್ಮೆ ಏಳುತ್ತವೆ. ಒಟ್ಟಿಗೆ ಶುರುವಾದ ಐದು ಒಟ್ಟಿಗೆ ಕಣ್ಣು ಬಿಟ್ಟು ಒಟ್ಟಿಗೆ ಮುಚ್ಚುತ್ತವೆ. ಬೇರೆ ಹೊತ್ತಿಗೆ ಶುರುವಾದ ಅಪ್ಪನದು ಅವು ಮಲಗಿದ ಮೇಲೆ ಏಳುತ್ತದೆ, ಅವು ಏಳುವಾಗ ಮಲಗಿರುತ್ತದೆ. ಪ್ರತಿ ಸಲವೂ ಹೀಗೇ. ದಿನವಿಡೀ ಪಕ್ಕಪಕ್ಕ ಕೂತರೂ ಒಂದನ್ನೊಂದು ಕಾಣುವುದೇ ಇಲ್ಲ! ಐದು ಸೆಕೆಂಡಾಗಿದ್ದರೂ ಅದೇ ಕಥೆ.

ಮತ್ತೆ ಅವಳು? ನಲವತ್ತು ಸಲವೂ ಆರನ್ನೂ ಒಟ್ಟಿಗೆ ಎಳೆದು, ನಲವತ್ತು ಸಲವೂ 'ಪಾಸ್' ಎಂದು ಬರೆದಿದ್ದಳು. ಒಂದೇ ಒಂದು ಸಲ ಒಂದನ್ನು ಮೊದಲು ತೆಗೆದಿದ್ದರೆ...

"ಅಪ್ಪಾ, ಹತ್ತು ಸೆಕೆಂಡು ಮಾಡಿದ್ದು..."

"ಅದಾ? ನಾನೇ ಕೇಳಿದ್ದು. ಅವನು ನನ್ನ ಜೊತೆ ಇಳಿದ ದಿನ ಐದು ಸೆಕೆಂಡಿನ ಟ್ಯಾಗ್ ತಂದಿದ್ದ, ಸಂಜೆ ಹೊತ್ತಿಗೆ ಅದರ ದೀಪ ಮಂಕಾಗಿತ್ತು. ಕೊನೇಲಿ ಮೇಲೆ ಬರೋನು ನಾನೇ ಅಲ್ವಾ? 'ಎಲ್ಲರೂ ಹತ್ತೋವರೆಗೂ ಬಾಳೋ ಹಾಗೆ ಮಾಡಪ್ಪ' ಅಂದೆ. 'ಆಗ್ಲಿ ಸರ್' ಅಂದ. ಯಾಕೆ, ನಿನಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಅವತ್ತು ಆಸ್ಪತ್ರೆಯಲ್ಲಿ ಹೇಳಬಹುದಿತ್ತು. ಹೇಳಲು ಅವಳು ಬಿಟ್ಟಿದ್ದಳಾ?

* * *

ಸೋಮವಾರ ಮ್ಯಾನೇಜರ್ ಡ್ರಾಯರ್ ತಡಕಾಡಿ ಒಂದು ಹಾಳೆ ತೆಗೆದುಕೊಟ್ಟರು. ಅಪಘಾತವಾದ ದಿನ ಸಂಜೆಯೇ ಅವನು ಬರೆದದ್ದು.

'ನನ್ನ ತಪ್ಪು. ಎಲ್ಲ ಟ್ಯಾಗಿಗೂ ಒಂದೇ ಅವಧಿ ಕೊಟ್ಟೆ. ಬೇರೆ ಬೇರೆ ಹೊತ್ತಿಗೆ ಶುರುವಾದ ಟ್ಯಾಗುಗಳು ಹೀಗಾದರೆ ಎಂದೂ ಭೇಟಿಯಾಗುವುದಿಲ್ಲ. ಪರೀಕ್ಷೆಯಲ್ಲಿ ಯಾವ ಲೋಪವೂ ಇಲ್ಲ.'

ಕೊನೆಯ ಸಾಲನ್ನು ಅವಳು ನಾಲ್ಕು ಸಲ ಓದಿದಳು. ಸುಳ್ಳು! ಅವನಿಗೆ ಗೊತ್ತಿತ್ತು. ಅವತ್ತೇ ಗೊತ್ತಿತ್ತು...

"ಸರ್, ಇದನ್ನ ನೀವು ಓದಿದ್ರಾ?"

"ಮೊದಲನೇ ಸಾಲು ಓದಿದೆ. 'ನನ್ನ ತಪ್ಪು' ಅಂತಿತ್ತಲ್ಲ, ಸಾಕು ಅನ್ನಿಸ್ತು," ಎಂದರು ಮ್ಯಾನೇಜರ್, ಸ್ವಲ್ಪ ನಾಚಿಕೆಯಿಂದ.

ಅವಳು ಅಲ್ಲೇ ಪೆನ್ನು ಕೇಳಿ ತೆಗೆದುಕೊಂಡಳು. ಆ ಕೊನೆಯ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದಳು: 'ಟ್ಯಾಗುಗಳನ್ನು ಯಾವಾಗಲೂ ಒಟ್ಟಿಗೇ ತೆಗೆದು ಪರೀಕ್ಷಿಸಿದ್ದು ನಾನು. ಸುರಂಗದಲ್ಲಿ ಹಾಗೆ ತೆಗೆಯುವುದಿಲ್ಲ ಎಂದು ನಾನು ಕೇಳಿ ತಿಳಿಯಲಿಲ್ಲ. ಈ ತಪ್ಪು ನನ್ನದು.' ಸಹಿ ಹಾಕಿದಳು.

"ಯೋಚನೆ ಮಾಡಿ ಕೊಡಮ್ಮ. ಇದು ಮೇಲಿನವರೆಗೂ ಹೋಗುತ್ತೆ. ನಿನ್ನ ಕೆಲಸಕ್ಕೇ ಕುತ್ತು ಬರಬಹುದು."

"ಕೊಟ್ಟಾಯ್ತು ಸರ್. ಈಗ ಅವ್ರ ವಿಳಾಸ ಕೊಡಿ."

* * *

ನಾಲ್ಕು ಗಂಟೆ ಬಸ್ಸು. ಇಳಿದಾಗ ಮಧ್ಯಾಹ್ನದ ಬಿಸಿಲು. ಗಲ್ಲಿಯ ಕೊನೆಯಲ್ಲಿ ಅವನ ಅಕ್ಕನ ಟೈಲರಿಂಗ್ ಅಂಗಡಿ. ಒಳಗೆ ಎಂಟು ಹೊಲಿಗೆ ಯಂತ್ರಗಳ ಗಡಗಡ, ನೆಲದ ತುಂಬಾ ಬಣ್ಣದ ಚಿಂದಿ. ಒಂದು ಯಂತ್ರದ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಅವನು ಕೂತಿದ್ದ.

ಬಾಗಿಲಲ್ಲಿ ನಿಂತವಳನ್ನು ಅಕ್ಕ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬ್ಲೌಸಾ?"

"ಅಲ್ಲ... ಇವರನ್ನ ನೋಡಬೇಕಿತ್ತು."

ಅವನು ತಲೆ ಎತ್ತಿದ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

"ಓಹೋ... ಅವಳೇ ಇವಳಾ?" ಅಕ್ಕನ ದನಿ ಬದಲಾಯಿತು. "ಎರಡು ತಿಂಗಳಾಯ್ತಮ್ಮ ಇವನು ಬಂದು. ಹೊಟ್ಟೆಗೆ ಸರಿಯಾಗಿ ತಿನ್ನಲ್ಲ, ಬಾಯಿ ಬಿಡಲ್ಲ. ಮಾತಾಡೋದಕ್ಕೂ ಬ್ಯಾಟರಿ ಉಳಿಸ್ತಾನೆ. ನೀನಾದ್ರೂ ಬಾಯಿ ಬಿಡಿಸು!" ಎಂದು, ಕೆಲಸದವರನ್ನೆಲ್ಲ ಟೀ ಕುಡಿಯಲು ಎಬ್ಬಿಸಿಕೊಂಡು ಹೋದಳು. ಯಂತ್ರಗಳು ಒಂದೊಂದಾಗಿ ನಿಂತವು.

ಬಸ್ಸಿನಲ್ಲಿ ಕಂಠಪಾಠ ಮಾಡಿಕೊಂಡು ಬಂದ ಮಾತೆಲ್ಲ ಅವಳಿಗೆ ಮರೆತೇಹೋಗಿತ್ತು.

"ಅಪ್ಪ ಹೇಗಿದ್ದಾರೆ?" ಅವನೇ ಕೇಳಿದ.

"ಇನ್ನೂ ಪ್ಲಾಸ್ಟರಲ್ಲೇ ಇದ್ದಾರೆ. ಅದು ಬಿಚ್ಚಿದ ಕೂಡ್ಲೇ ಇಳೀತಾರಂತೆ, ಹೇಳಿದ್ರೆ ಕೇಳಲ್ಲ." ಅವಳು ಉಸಿರೆಳೆದುಕೊಂಡಳು. "ನಿಮಗೆ ಅವತ್ತೇ ಗೊತ್ತಿತ್ತು. ನನ್ನ ಟೆಸ್ಟೂ ತಪ್ಪು ಅಂತ. ಯಾಕೆ ಹೇಳ್ಲಿಲ್ಲ?"

"ನಿಮ್ಮಪ್ಪ ಒಳಗಿದ್ರು. ನೀವು ನಡುಗ್ತಾ ನಿಂತಿದ್ರಿ. ಆ ಹೊತ್ತಲ್ಲಿ ಹೇಗೆ ಹೇಳ್ಲಿ?"

"ಆಮೇಲೆ?"

"ಆಮೇಲೆ... ಇದನ್ನ ನೀವು ಹೊತ್ಕೊಂಡು ಓಡಾಡೋದು ನನಗೆ ಬೇಡ ಅನ್ನಿಸ್ತು. ಒಬ್ರು ಹೊತ್ರೆ ಸಾಕಲ್ಲ."

ಅವಳ ಕಣ್ಣು ತುಂಬಿ ಬಂತು. ಜೊತೆಗೇ ಸಿಟ್ಟೂ ಬಂತು!

"ಸಾಕಲ್ಲ ಅಂತೆ! ನಿಮ್ಮ ಜಾಗಕ್ಕೆ ಬೇರೆಯೋರು ಬಂದು ಬೇರೆ ಏನೋ ಮಾಡ್ತಿದ್ರು. ನಾನು ಮತ್ತೆ ಆರನ್ನೂ ಒಟ್ಟಿಗೆ ಎಳೆದು 'ಪಾಸ್' ಅಂತಿದ್ದೆ. ಇನ್ಯಾರದೋ ಅಪ್ಪ ಇಳೀತಿದ್ರು! ನನ್ನ ಉಳಿಸೋಕೆ ಹೋಗಿ ಅರ್ಧ ನಿಜ ಬರೆದ್ರಲ್ಲ, ಅದರ ಬದಲು ಎರಡು ಬಯ್ದಿದ್ರೆ ಆಗ್ತಿರ್ಲಿಲ್ವಾ?"

ಅದನ್ನು ಅವನು ಯೋಚಿಸಿಯೇ ಇರಲಿಲ್ಲ.

"ನಾನೂ ಬಯ್ಯಬಾರದಿತ್ತು," ಅವಳ ದನಿ ಒಡೆಯಿತು. "ಕೇಳದೇನೇ ಬಯ್ದೆ. ಹತ್ತು ಸೆಕೆಂಡು ಅಪ್ಪ ಕೇಳಿದ್ದು ಅಂತಾನೂ ಗೊತ್ತಿರ್ಲಿಲ್ಲ ನನಗೆ. ಕ್ಷಮಿಸ್ತೀರಾ?"

"ನೀವು ಬಯ್ದಿದ್ದಕ್ಕೆ ನಾನು ಓಡಿಬಂದಿದ್ದಲ್ಲ. ಬಯ್ದಿದ್ದು ನಿಜ ಅನ್ನಿಸ್ತು, ಅದಕ್ಕೆ." ಅವನು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. "ಗೊತ್ತಾ, ಅದಕ್ಕೆ ತುಂಬಾ ಒಳ್ಳೇ ಗಡಿಯಾರ ಹಾಕಿದ್ದೆ. ಸ್ವಲ್ಪ ಕೆಟ್ಟದ್ದಾಗಿದ್ರೆ ಹಿಂದೆಮುಂದೆ ಜಾರಿ ಹೇಗೋ ಒಂದ್ಸಲ ಸಿಕ್ತಿದ್ವು. ಒಳ್ಳೇದು ಹಾಕಿ ಕೆಟ್ಟೆ."

ಅಳುತ್ತಿದ್ದವಳಿಗೆ ನಗು ಬಂತು. ಇಂಥ ಹೊತ್ತಲ್ಲೂ ಗಡಿಯಾರದ ಮಾತಾಡುವ ಗಂಡಸು ಲೋಕದಲ್ಲಿ ಇನ್ನೊಬ್ಬ ಸಿಗಲಾರ!

"ಸರಿ ಮಾಡೋಕೆ ಆಗುತ್ತಾ?"

ಅವನು ಅಳತೆ ಪುಸ್ತಕಗಳ ಕೆಳಗಿನಿಂದ ಒಂದು ಹಾಳೆ ಎಳೆದ. ಎರಡು ತಿಂಗಳು ಸುಮ್ಮನೆ ಕೂತಿರಲಿಲ್ಲ!

"ಒಂದೊಂದಕ್ಕೂ ಬೇರೆ ಬೇರೆ ಎಣಿಕೆ ಕೊಡಬೇಕು. ಇದು ಏಳಕ್ಕೊಮ್ಮೆ ಏಳ್ಲಿ, ಅದು ಹನ್ನೊಂದಕ್ಕೊಮ್ಮೆ ಏಳ್ಲಿ. ಯಾವಾಗ ಬೇಕಾದ್ರೂ ಶುರು ಮಾಡಿ, ಎಪ್ಪತ್ತೇಳು ಎಣಿಸೋದ್ರೊಳಗೆ ಎರ್ಡೂ ಒಂದ್ಸಲ ಒಟ್ಟಿಗೆ ಕಣ್ಣು ಬಿಡ್ಲೇಬೇಕು. ಬ್ಯಾಟರಿಯೂ ಹೆಚ್ಚುಕಮ್ಮಿ ಅಷ್ಟೇ. ಯಾರೂ ಎಚ್ಚರ ಇದ್ದು ಕಾಯೋದು ಬೇಡ."

"ನಾನು ನಂಬಲ್ಲ," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತಾ. "ಟೆಸ್ಟ್ ಮಾಡಿ ನೋಡ್ತೀನಿ. ಒಂದೊಂದಾಗಿ ತೆಗೆದು. ಬೇಕಾದ ಹೊತ್ತಿಗೆ, ಬೇಕಾದ ಹಾಗೆ."

"ಮಾಡಿ. ಅದಕ್ಕೇ ನೀವು ಬೇಕು." ಅವನು ಒಂದು ಕ್ಷಣ ತಡೆದ. "ಅದಕ್ಕೆ ಮಾತ್ರ ಅಲ್ಲ..."

"ಟೀ ತಂದೆ!" ಎಂದು ಅಕ್ಕ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಆಮೇಲೆ ಇಬ್ಬರ ಮುಖ ನೋಡಿ, "ಅಯ್ಯೋ... ಇನ್ನೊಂದು ಸ್ವಲ್ಪ ತಡೀಬೇಕಿತ್ತೇನೋ," ಎಂದು ನಾಲಿಗೆ ಕಚ್ಚಿಕೊಂಡಳು.

* * *

ಆಫೀಸಿನ ಮೇಲಧಿಕಾರಿಗಳು ಇಬ್ಬರನ್ನೂ ಕರೆಸಿ ಛೀಮಾರಿ ಹಾಕಿದರು. ಅವಳ ಕೆಲಸ ಉಳಿಯಿತು, ಅವನನ್ನೂ ಮತ್ತೆ ಸೇರಿಸಿಕೊಂಡರು. ಹೊಸ ಟ್ಯಾಗಿಗೆ ಅವಳು ನೂರಹನ್ನೆರಡು ಪರೀಕ್ಷೆ ಮಾಡಿದಳು. ಒಂದನ್ನು ಬೆಳಿಗ್ಗೆ ತೆಗೆದಳು, ಒಂದನ್ನು ಊಟದ ಹೊತ್ತಿಗೆ ತೆಗೆದಳು, ಒಂದನ್ನು ಅಪ್ಪನ ಕೈಗೇ ಕೊಟ್ಟು 'ನಿಮಗೆ ಮನಸ್ಸು ಬಂದಾಗ ತಗೊಳ್ಳಿ' ಎಂದಳು. ಹದಿನೇಳು ಸಲ ಫೇಲ್ ಮಾಡಿ ಅವನ ಬೆವರಿಳಿಸಿದಳು. ಕೊನೆಗೆ ಸಹಿ ಹಾಕಿದಳು.

ಅಪ್ಪ ಮತ್ತೆ ಇಳಿಯುವ ದಿನ ಬಂದೇ ಬಂತು. ಆರಕ್ಕೆ, ಒಬ್ಬರೇ, ಎಲ್ಲರಿಗಿಂತ ಮೊದಲು.

"ಒಂದಿನ ಏಳಕ್ಕೆ ಇಳಿದ್ರೆ ಏನಾಗುತ್ತಪ್ಪ?"

"ನಿನ್ನ ಟ್ಯಾಗಿಗೋಸ್ಕರ ನಾನು ಬದಲಾಗ್ಬೇಕೋ, ನನಗೋಸ್ಕರ ನಿನ್ನ ಟ್ಯಾಗೋ?" ಎಂದು ನಗುತ್ತಾ ಇಳಿದೇಬಿಟ್ಟರು.

ಅವರಿಬ್ಬರೂ ಸುರಂಗದ ಬಾಯಿಯ ತಗಡಿನ ಕೋಣೆಯಲ್ಲಿ ಪರದೆಯ ಮುಂದೆ ಕೂತರು. ಈಗ ಪರದೆ ಆರಕ್ಕೇ ಹೊತ್ತುತ್ತಿತ್ತು. ಏಳು ಗಂಟೆಗೆ ಉಳಿದ ಐವರು ಇಳಿದರು. ಅವಳ ಬೆರಳುಗಳು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಒಂದು ನಿಮಿಷ... ಎರಡು...

'ಮೇಸ್ತ್ರಿ. ಹತ್ತಿರದಲ್ಲಿ ಐದು ಜನ.' ಹಸಿರು!

ಯಾರೂ ಕುಣಿಯಲಿಲ್ಲ. ಇನ್ನೂ ಹನ್ನೊಂದು ಗಂಟೆ ಬಾಕಿ ಇತ್ತಲ್ಲ. ಹನ್ನೆರಡು ಇಪ್ಪತ್ತಾಯಿತು, ಹಸಿರು. ಮೂರಾಯಿತು, ಹಸಿರು. ಐದಾಯಿತು. ಅವನು ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿರಲಿಲ್ಲ.

"ಒಂದು ಮಾತು ಕೇಳ್ಲಾ?" ಎಂದ, ಪರದೆಯಿಂದ ಕಣ್ಣು ಕೀಳದೆ.

"ಕೇಳು." ಯಾವಾಗಿನಿಂದಲೋ ಅವರ ನಡುವೆ 'ನೀವು' ಹೋಗಿಬಿಟ್ಟಿತ್ತು.

"ಇವತ್ತು ಅದು ಬೂದು ಆಗಿದ್ರೆ... ನೀನು ಮತ್ತೆ ನನ್ನ ಮುಖ ನೋಡ್ತಿದ್ಯಾ?"

ಅವಳು ಸುಳ್ಳು ಹೇಳಲಿಲ್ಲ. ಸ್ವಲ್ಪ ಯೋಚಿಸಿದಳು.

"ಬಯ್ತಿದ್ದೆ. ಚೆನ್ನಾಗೇ ಬಯ್ತಿದ್ದೆ. ಆದ್ರೆ ಈ ಸಲ ಬೆನ್ನು ತಿರುಗಿಸ್ತಿರ್ಲಿಲ್ಲ. ನಿನ್ನ ಜೊತೆಗೇ ಕೆಳಗೆ ಇಳಿದು ಹುಡುಕ್ತಿದ್ದೆ. ಸಹಿ ನಂದೂ ಇದ್ಯಲ್ಲ."

ಅವನು ಈಗ ಪರದೆ ಬಿಟ್ಟು ಅವಳನ್ನೇ ನೋಡಿದ.

"ನನಗೆ ಹೇಳೋಕೆ ಬರಲ್ಲ," ಎಂದ. "ಅವತ್ತು ನೀನು ನೋಟ್‌ಬುಕ್ ಎಸೆದೆಯಲ್ಲ, ಆ ಪುಟಗಳನ್ನ ಓದುವಾಗ್ಲೇ ಅನ್ನಿಸಿತ್ತು... ಒಬ್ಬರ ಬಗ್ಗೆ ಇಷ್ಟು ಕಾಳಜಿ ಇರೋಳ ಮನೇಲಿ ನಾನೂ ಇರ್ಬೇಕು ಅಂತ. ಮದುವೆ ಆಗೋಣ್ವಾ?"

ಹೊರಗೆ ಸಂಜೆಯ ಬಿಸಿಲು ಕ್ರೇನಿನ ಮೇಲೆ ಕೆಂಪಗೆ ಕೂತಿತ್ತು. ಬಾಯಿ ಬಡುಕಿ ಎಂದು ಅಪ್ಪನಿಂದ ಬೈಸಿಕೊಂಡವಳಿಗೆ ಸಿಕ್ಕಿದ್ದು ಒಂದೇ ಪದ!

"ಹೂಂ," ಎಂದಳು ಕೊನೆಗೆ. "ಆದ್ರೆ ಅಪ್ಪನ್ನ ನೀನೇ ಕೇಳ್ಬೇಕು."

"ಇವತ್ತೇನಾ?!"

ಆ ಹೊತ್ತಿಗೇ ಲಿಫ್ಟಿನ ಗಂಟೆ ಬಾರಿಸಿತು. ಒಬ್ಬೊಬ್ಬರಾಗಿ ಐವರು ಹೊರಗೆ ಬಂದರು. ಎಲ್ಲರಿಗಿಂತ ಕೊನೆಗೆ ಅಪ್ಪ, ಸ್ವಲ್ಪ ಕುಂಟುತ್ತಾ, ಮುಖದ ತುಂಬಾ ಕೆಸರು. ಹೆಲ್ಮೆಟ್ಟಿನ ಮೇಲೆ ಟ್ಯಾಗಿನ ದೀಪ ಇನ್ನೂ ಮಿನುಗುತ್ತಿತ್ತು. ಅವಳು ಓಡಿ ಹೋಗಿ ಆ ಕೆಸರನ್ನೇ ಅಪ್ಪಿಕೊಂಡಳು.

"ಸರ್..." ಹಿಂದೆಯೇ ಬಂದ ಅವನು ಕನ್ನಡಕ ಮೇಲೇರಿಸಿದ. "ನಿಮ್ಮ ಹತ್ರ ಒಂದು ವಿಷಯ..."

"ಮೊದ್ಲು ನೀರು ಕೊಡ್ರಪ್ಪ! ಹನ್ನೆರಡು ಗಂಟೆ ಆಯ್ತು ಇಳಿದು!"

ಅಪ್ಪ ಬಾಟಲಿ ಎತ್ತಿ ಗಟಗಟ ಕುಡಿಯತೊಡಗಿದರು. ಅವನು ಬೆವರುತ್ತಾ ನಿಂತ. ಅವಳು ಮೆಲ್ಲಗೆ ಪಕ್ಕಕ್ಕೆ ಬಂದು, ಅಪ್ಪನಿಗೆ ಕಾಣದ ಹಾಗೆ ಅವನ ಬೆರಳು ಹಿಡಿದಳು.

"ಹೇಳು," ಎಂದು ಪಿಸುಗುಟ್ಟಿದಳು.

"ಹೇಳ್ತೀನಿ. ನೀನು ಕೈ ಬಿಡ್ಬೇಡ."

"ಬಿಡಲ್ಲ."